ಜಾಡಿಗಳ ನಡುವಿನ ರಟ್ಟು

ನಖೋನ್ ಚಾಯ್ ಸಿ, ಕಾಲುವೆ ದಂಡೆ
೨೦ ನವೆಂಬರ್ ೧೯೯೪

ಪ್ರೀತಿಯ ಚೊಂಪುಗೆ,

ಹೇಗಿದ್ದೀಯಮ್ಮ? ಫೆಟ್ಚಬುರಿಯ ನೀರು ಒಗ್ಗಿತೇ? ಮಳೆಗಾಲದ ಕೆಮ್ಮು ಈ ಸಲ ನಿನ್ನನ್ನು ಕಾಡಲಿಲ್ಲವೆಂದು ನಿನ್ನ ದೊಡ್ಡಮ್ಮ ಬರೆದಿದ್ದರು, ಓದಿ ಸಮಾಧಾನವಾಯಿತು. ನಿಮ್ಮಪ್ಪ ಆರೋಗ್ಯವಾಗಿದ್ದಾರೆ. ಚಕ್ಕೋತದ ಗಿಡಗಳ ಬುಡಕ್ಕೆ ಈ ವರ್ಷ ಕಾಲುವೆ ನುಗ್ಗಲಿಲ್ಲ. ನಾನೂ ಚೆನ್ನಾಗಿದ್ದೇನೆ. ನನ್ನ ಅಕ್ಷರ ಕಂಡು ಕಾಗದವನ್ನು ಹಾಗೇ ಮಡಿಸಿಡಬೇಡ, ಇದು ನಿನ್ನ ಮೀನು ಕ್ರಾಮ್‌ನ ವಿಷಯ.

ಇದರಲ್ಲೊಂದು ಕಥೆಯಿದೆ, ಅದು ನನ್ನದಲ್ಲ. ಹೇಳಿದವರು ಚೆಮ್ ತಾತ, ನಿನ್ನೆ ಸಂಜೆ, ನಮ್ಮ ಮೆಟ್ಟಿಲ ಮೇಲೆ ಕೂತು, ತೆಂಗಿನಹಾಲಿನ ಬಾಳೆಹಣ್ಣನ್ನು ಎರಡು ಬಟ್ಟಲು ಮುಗಿಸಿ. ಅರವತ್ತು ವರ್ಷ ಕಾಳಗದ ಮೀನು ಸಾಕಿದ ಕೈ ಅವರದು. ಕ್ರಾಮ್‌ನನ್ನು ಮರಿಯಿದ್ದಾಗ ನಿನಗೆ ಕೊಟ್ಟವರೂ ಅವರೇ. ಅವರನ್ನು ಕರೆಸಬೇಕಾಗಿ ಬಂದದ್ದು ನನ್ನ ತಪ್ಪಿನಿಂದ, ಅದನ್ನು ಮೊದಲು ಹೇಳಿಬಿಡುತ್ತೇನೆ.

ನೀನು ಹೋದ ಮೇಲೆ ಕಿಟಕಿಯ ಜಾಡಿಯಲ್ಲಿ ಅವನೊಬ್ಬನೇ ಇದ್ದ. ನೋಡಿದಾಗಲೆಲ್ಲ ಕನಿಕರವಾಗುತ್ತಿತ್ತು. ಸಂತೆಯಿಂದ ಮೊಳ ಉದ್ದದ ಗಾಜಿನ ತೊಟ್ಟಿ ತಂದು ನಡುಮನೆಯಲ್ಲಿ ಇಟ್ಟು ಅವನನ್ನು ಅದಕ್ಕೆ ಬಿಟ್ಟೆ. ಜೊತೆಗಿರಲಿ ಎಂದು ಬಣ್ಣದ ಬಾಲದ ಗಪ್ಪಿ ಮೀನುಗಳನ್ನು ಬಿಟ್ಟೆ. ಆ ಬಾಲ ಕಂಡು ತನ್ನ ಜಾತಿಯವೇ ಎಂದುಕೊಂಡನೋ ಏನೋ, ಮಧ್ಯಾಹ್ನದೊಳಗೆ ಮೂರನ್ನು ಹರಿದಿದ್ದ. ಅವನ್ನು ತೆಗೆದು ಪಟ್ಟೆಪಟ್ಟೆಯ ಚುರುಕು ಮೀನುಗಳನ್ನು ತಂದೆ. ಅವು ಇವನ ರೆಕ್ಕೆಯನ್ನೇ ಚೂರುಚೂರಾಗಿ ಕಚ್ಚಿದವು. ಅವನ್ನೂ ತೆಗೆದೆ. ಈಗ ತೊಟ್ಟಿಯಲ್ಲಿ ಅವನನ್ನು ಬಿಟ್ಟರೆ ಯಾರೂ ಇಲ್ಲ. ಆದರೂ ನಾಲ್ಕು ದಿನ ಒಂದು ಹುಳು ಮುಟ್ಟಲಿಲ್ಲ. ನೀಲಿಯ ಮೈ ಬೂದಿಯಾಯಿತು. ಅವನು ಸತ್ತರೆ ನಿನಗೆ ಏನೆಂದು ಬರೆಯಲಿ ಎಂದು ನಿಮ್ಮಪ್ಪನ ಮುಂದೆ ಅತ್ತೇಬಿಟ್ಟೆ. ಆಗ ಅವರು ತಾತನನ್ನು ಕರೆತಂದರು.

ತಾತ ತೊಟ್ಟಿಯ ಮುಂದೆ ಬಹಳ ಹೊತ್ತು ಕೂತರು. ಆಮೇಲೆ ತಮ್ಮ ಪ್ರಾಯದ ಕಾಲದ ಒಂದು ಸಂಗತಿ ಹೇಳಿದರು. ಆಗ ಅವರ ಬಳಿ ಊರಿಗೇ ಹೆಸರಾದ ಎರಡು ಮೀನುಗಳಿದ್ದವಂತೆ. ಒಂದು ದಿನ ಜಾಡಿ ತೊಳೆದು ಪಕ್ಕಪಕ್ಕ ಇಟ್ಟರು, ಒಂದಕ್ಕೊಂದು ಕಾಣದಂತೆ ನಡುವೆ ರಟ್ಟು ನಿಲ್ಲಿಸುವುದನ್ನು ಮರೆತು ಮದುವೆಯೂಟಕ್ಕೆ ಹೊರಟುಹೋದರು. ಮೂರು ದಿನ ಬಿಟ್ಟು ಬಂದರೆ ಎರಡೂ ತೇಲುತ್ತಿದ್ದವು. “ಒಂದರ ಮೈಮೇಲೂ ಗಾಯ ಇರ್ಲಿಲ್ಲ. ಗೋಡೆ ಇತ್ತಲ್ಲ, ಮುಟ್ಟೋಕಾಗ್ಲಿಲ್ಲ. ರಟ್ಟು ಇರ್ಲಿಲ್ಲ, ಬಿಡೋಕೂ ಆಗ್ಲಿಲ್ಲ” ಅಂದರು. ಆಮೇಲೆ ನನ್ನ ಕಡೆ ತಿರುಗಿ, ಇವನನ್ನು ಯಾರ ಮೇಲೆ ಕಾದಾಟಕ್ಕೆ ಬಿಟ್ಟಿದ್ದೀ ಎಂದು ಕೇಳಿದರು. ಯಾರೂ ಇಲ್ಲವೆಂದೆ.

“ಇದ್ದಾನಲ್ಲವ್ವ. ಬೆಳಗಿಂದ ದೀಪ ಆರೋವರೆಗೂ ಎದುರಿಗೇ ಇದ್ದಾನೆ. ಇವನು ದಣಿದ್ರೆ ಅವನೂ ದಣೀತಾನೆ, ಸೋಲೋದಂತೂ ಇಲ್ಲ.”

ಅವರು ಕೈ ತೋರಿಸಿದ್ದು ನಿನ್ನಮ್ಮನ ಕನ್ನಡಿಯ ಕಡೆಗೆ.

ನಾನು ಈ ಮನೆಗೆ ಬಂದ ಮೇಲೆ ನಿನ್ನ ಕೋಣೆಯಿಂದ ನಡುಮನೆಗೆ ತಂದಿಟ್ಟದ್ದು ಅದೇ ಕನ್ನಡಿ. ಮುಸುಕು ಹಾಕಿಕೊಂಡು ಮೂಲೆಯಲ್ಲಿ ಯಾಕಿರಬೇಕು ಎಂದು ತೊಳೆದು, ಒರೆಸಿ, ಹೊಳೆಯುವಂತೆ ಮಾಡಿದ್ದೆ. ಅವತ್ತು ನೀನು ಒಂದೇ ಮಾತು ಕೇಳಿದೆ, “ಯಾರನ್ನ ಕೇಳಿ ಒರೆಸಿದ್ರಿ?” ಸಂಜೆಗೆ ಬಟ್ಟೆಚೀಲ ಹಿಡಿದು ಹೊರಟೆ. ಧೂಳು ಒರೆಸಿದ್ದಕ್ಕೆ ಯಾರಾದರೂ ಮನೆ ಬಿಡುತ್ತಾರೆಯೇ ಎಂದು ಮೂರು ತಿಂಗಳು ನಾನೂ ಮುನಿಸಿಕೊಂಡೇ ಇದ್ದೆ.

ತಾತ ತೊಟ್ಟಿಯನ್ನು ನಡುಮನೆಯಲ್ಲೇ ಹಳೆಯ ಜಾಡಿಯಿದ್ದ ಕಿಟಕಿಯ ಹತ್ತಿರ ಇಡಿಸಿದರು. ಎರಡು ಕಡೆ ರಟ್ಟು. ಒಣಗಿದ ಕಾಡುಬಾದಾಮಿ ಎಲೆ ಹಾಕಿ ನೀರನ್ನು ಚಹಾದ ಬಣ್ಣಕ್ಕೆ ತಂದರು. ಹಾರುತ್ತಾನೆಂದು ಮುಚ್ಚಳ, ಉಸಿರಿಗೆ ಮೇಲೆ ಬರುತ್ತಾನೆಂದು ಅದರ ಕೆಳಗೆ ನಾಲ್ಕು ಬೆರಳು ಖಾಲಿ ಜಾಗ. ದೊಡ್ಡ ಮನೆ ಕೊಟ್ಟರೆ ಸಾಲದು, ಯಾರ ಕಣ್ಣಿಗೂ ಬೀಳದ ಒಂದು ಮೂಲೆ ಕೊಡಬೇಕು ಎಂದು ಒಡೆದ ಮಡಕೆಯೊಂದನ್ನು ಮಗುಚಿ ಹಾಕಿದರು. ಜೊತೆಗೆ ಯಾರೂ ಬೇಡವೇ ಎಂದೆ. ಅವಸರ ಬೇಡವಂತೆ. ಮೈಬಣ್ಣ ಮರಳಿದ ಮೇಲೆ ಎರಡು ಬಸವನಹುಳು, ಆಮೇಲೆ ತಳದಲ್ಲೇ ತೆವಳುವ ಸಣ್ಣ ಮೀನು ನಾಲ್ಕೋ ಐದೋ. ಬಣ್ಣ ತೋರಿಸುವವರು ಬೇಡ, ಕಚ್ಚುವವರೂ ಬೇಡ. “ಮನೆ ಅವನದು. ಆಮೇಲೆ ಬಂದೋರು ತಳದಲ್ಲಿ ತಮ್ಮ ಪಾಡಿಗೆ ಇರ್ಬೇಕು. ಅವನೇ ಹತ್ತಿರ ಬಂದ್ರೆ ಬರ್ತಾನೆ.”

ಮೀನಿಗೆ ಹೇಳಿದ್ದೆಂದು ಹೂಂಗುಟ್ಟಿದೆ. ಆದರೆ ಈ ಮನೆಗೆ ಆಮೇಲೆ ಬಂದವಳು ನಾನು.

ಇವತ್ತು ಮಧ್ಯಾಹ್ನ ಕ್ರಾಮ್ ಎರಡು ಹುಳು ತಿಂದ. ದೊಡ್ಡಮ್ಮನಿಗೆ ನನ್ನ ನಮಸ್ಕಾರ ಹೇಳು. ಬುದ್ಧ ನಿನ್ನನ್ನು ಕಾಯಲಿ, ಚೆನ್ನಾಗಿ ಊಟ ಮಾಡು.

ಇಂತಿ,
ಲಮ್ದುವಾನ್ ಚಿಕ್ಕಮ್ಮ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಬೆಳಿಗ್ಗೆ ಎದ್ದವರೇ ನಿಮ್ಮಪ್ಪ ಕನ್ನಡಿಯ ಒಂದು ತುದಿ ಹಿಡಿದರು, ಇನ್ನೊಂದನ್ನು ನಾನು ಹಿಡಿದೆ. ನಿನ್ನ ಕೋಣೆಯಲ್ಲಿ ಇಳಿಸುವಾಗ ಚೌಕಟ್ಟಿನ ಕೆಳಮೂಲೆಯಲ್ಲಿ ಪೌಡರಿನ ಬೆರಳಚ್ಚೊಂದು ಕಂಡಿತು. ನಿನ್ನ ಮೂಗಿಗೆ ಹಚ್ಚಿ ಮಿಕ್ಕಿದ್ದನ್ನು ನಿನ್ನಮ್ಮ ಅಲ್ಲೇ ಒರೆಸುತ್ತಿದ್ದಳು, ಕನ್ನಡಿಯ ತುಂಬ ಇತ್ತು ಎಂದರು ನಿಮ್ಮಪ್ಪ. ಧೂಳು ಎಂದುಕೊಂಡಿದ್ದೆ, ಚೊಂಪು. ಒಂದು ಉಳಿದಿದೆ, ಮುಟ್ಟಿಲ್ಲ. ಮುಸುಕು ಹಾಕಿ ಕೋಣೆಗೆ ಬೀಗ ಹಾಕಿದೆವು. ಬೀಗದ ಕೈ ಈ ಲಕೋಟೆಯಲ್ಲಿದೆ. ನಮ್ಮ ಹತ್ತಿರ ಇನ್ನೊಂದಿಲ್ಲ.