ತೊಟ್ಟಿಲಲ್ಲಿ ಮಲಗಿದ್ದ ಕಪ್ಪು ಸಾಹೇಬ

ನನ್ನ ಅಪ್ಪನಿಗೆ, ನೀನು ನೋಡದೇ ಹೋದ ನನ್ನ ಮಗಳ ತಾತನಿಗೆ,

ಹೋದ ಸೋಮವಾರ ಬೆಳಿಗ್ಗೆ ಮಗುವನ್ನು ಅಮ್ಮನ ಕೈಗೆ ಕೊಟ್ಟು ತೊಟ್ಟಿಲಿನ ಬಟ್ಟೆ ಬದಲಿಸುತ್ತಿದ್ದೆ. ಅಮ್ಮ ಹಿತ್ತಲಲ್ಲಿ ಎಳೆಬಿಸಿಲಿಗೆ ಕೂತು ಅವಳಿಗೆ ಎಣ್ಣೆ ತಿಕ್ಕುತ್ತಿದ್ದಳು. ತೊಟ್ಟಿಲಲ್ಲಿ ಮಗುವಿನ ಕಾಲ ಕಡೆ ಗುಂಡಪ್ಪ ಮಲಗಿದ್ದ. ನಾಮಕರಣದ ದಿನ ಮಗುವಿಗಿಂತ ಮೊದಲು ತೊಟ್ಟಿಲಿಗೆ ಹಾಕಿದ ಕಲ್ಲು; ಕೆಂಪು ರವಿಕೆ ಬಟ್ಟೆ ಸುತ್ತಿ, ತಲೆಗೆ ಕುಲಾವಿ ಕಟ್ಟಿ, ಕಾಡಿಗೆ ಬೊಟ್ಟು ಇಟ್ಟದ್ದು. ಎತ್ತಿದೆ. ಅಷ್ಟು ಚಿಕ್ಕ ಕಲ್ಲಿಗೆ ಅಷ್ಟು ಭಾರ ಇರಬಾರದಿತ್ತು. ಬಟ್ಟೆ ಸರಿಯಿತು. ಕಪ್ಪು ಮೈ ಮೇಲೆ ಬಿಳಿ ಬಣ್ಣದ ಸಣ್ಣ ಚುಕ್ಕೆ, ಅದರೊಳಗೆ ನಿನ್ನ ಕೈಬರಹದಲ್ಲಿ ಮೂವತ್ತೊಂದು, ನೀನು ಕೂಡಿಟ್ಟ ಕಲ್ಲುಗಳಲ್ಲಿ ಅದರ ನಂಬರು. ಅಪ್ಪ, ಅದು ನಿನ್ನ ಕಪ್ಪು ಸಾಹೇಬ.

ಅದನ್ನು ನೀನು ಮನೆಗೆ ತಂದ ದಿನ ನನಗೆ ಚೆನ್ನಾಗಿ ನೆನಪಿದೆ. ನಾನಾಗ ಪಿಯುಸಿ. ಖನಿಜ ಹುಡುಕುವವರ ಸರ್ವೇ ಜೀಪು ಓಡಿಸಿ ಓಡಿಸಿ ನಿನಗೆ ಕಲ್ಲಿನ ಹುಚ್ಚು ಹಿಡಿದಿತ್ತು. ಅದೂ ಎಲ್ಲ ಕಲ್ಲಲ್ಲ, ಮನುಷ್ಯರ ಹೆಸರಿಟ್ಟ ಕಲ್ಲುಗಳು ಮಾತ್ರ. ಪ್ರೆಹ್ನೈಟ್ ಯಾರೋ ಸೈನ್ಯದ ಅಧಿಕಾರಿಯದು, ಸಿಲಿಮನೈಟ್ ಯಾರೋ ಮೇಷ್ಟರದು. ಎಲ್ಲರನ್ನೂ ನೀನು ಸಾಹೇಬರು ಅಂತಲೇ ಕರೆಯುತ್ತಿದ್ದೆ. ಹಸಿರು ಸಾಹೇಬ, ನಾರು ಸಾಹೇಬ. ಅವತ್ತು ತಂದದ್ದು ಸಮರ್ಸ್ಕೈಟ್. ಆ ಹೆಸರಿನವನು ಗಣಿಯ ದೊಡ್ಡ ಅಧಿಕಾರಿಯಂತೆ, ಕಲ್ಲು ತೆಗೆದುಕೊಂಡು ಹೋಗಲು ಯಾರಿಗೋ ಅನುಮತಿ ಕೊಟ್ಟನಂತೆ. "ಇವ್ನು ಹುಡುಕ್ಲೂ ಇಲ್ಲ, ಅಗೀಲೂ ಇಲ್ಲ ಕಣವ್ವ, ಹೂಂ ತಗೊಂಡೋಗಿ ಅಂದ ಅಷ್ಟೆ! ನೋಡು, ಕಲ್ಲಿಗೇ ಹೆಸ್ರು ಬಿತ್ತು," ಅಂತ ತೊಡೆ ತಟ್ಟಿಕೊಂಡು ನಕ್ಕಿದ್ದೆ. ಜೀಪು ಓಡಿಸಿದವನ ಹೆಸರಿನ ಕಲ್ಲು ಒಂದೂ ಇಲ್ಲವಲ್ಲ ಅಂತ ನಾನು ಕೇಳಿದ್ದಕ್ಕೆ ಇನ್ನೂ ಜೋರಾಗಿ ನಕ್ಕಿದ್ದೆ.

ನಕ್ಕಾದ ಮೇಲೆ ನೀನು ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದ್ದೆ. ದನ ಮಾರಿದ ಮೇಲೆ ಅದೇ ನಿನ್ನ ಕಲ್ಲುಮನೆಯಾಗಿತ್ತು. ಪೇಂಟಿನ ಬಕೆಟ್ಟಿನಲ್ಲಿ ಮರಳು ತುಂಬಿ ಕಪ್ಪು ಸಾಹೇಬನನ್ನು ಅದರೊಳಗೆ ಹೂತೆ. "ಇದ್ರಲ್ಲಿ ವಿಕಿರಣ ಐತೆ. ಜಾಸ್ತಿ ಹೊತ್ತು ಹತ್ರ ಇಟ್ಕೋಬಾರ್ದು. ಮುಟ್ಟಿದ್ರೆ ಕೈ ತೊಳ್ಕೋಬೇಕು. ನಿಮ್ಮಮ್ಮಂಗೆ ಹೇಳ್ಬೇಡ, ಅವ್ಳು ಹೆದರ್ಕೊಂಡು ಎಲ್ಲಾ ಕಲ್ಲೂ ಕೆರೆಗೆಸೀತಾಳೆ." ನಾನು ಹೂಂ ಅಂದೆ. ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ವಿಷಯ ಸಿಕ್ಕಿತಲ್ಲ ಅಂತ ನನಗೆ ಎಷ್ಟು ಹೆಮ್ಮೆ ಆಗಿತ್ತು ಗೊತ್ತಾ?

ನೀನು ಹೋದದ್ದೂ ಹಾಗೇ, ಹೇಳದೆ ಕೇಳದೆ. ಎದೆ ಹಿಡಿದುಕೊಂಡಂತಾಗುತ್ತಿದೆ ಅಂತ ಜಗಲಿಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ನಾನು ಬಸುರಿ ಅಂತ ಆಗ ನನಗೇ ಗೊತ್ತಿರಲಿಲ್ಲ. ತಿಥಿ ಮುಗಿಸಿ ಸೋಂಪುರಕ್ಕೆ, ಗಂಡನ ಮನೆಗೆ ಹೋದೆ. ಹೋಗುವಾಗ ಕೊಟ್ಟಿಗೆಗೆ ಬೀಗ ಹಾಕಿದೆ, ಬೀಗದ ಕೈಯನ್ನು ಅಮ್ಮನ ಕೈಗೇ ಕೊಟ್ಟೆ. ಆವತ್ತು ಒಂದೇ ಒಂದು ಮಾತು ಹೇಳಿದ್ದರೆ... ಹೇಳಲಿಲ್ಲ. ಸತ್ತವನಿಗೆ ಕೊಟ್ಟ ಮಾತು ದೊಡ್ಡದು ಅಂದುಕೊಂಡೆನೋ, ಮರೆತೇಬಿಟ್ಟೆನೋ, ಇವತ್ತಿಗೂ ಗೊತ್ತಾಗುತ್ತಿಲ್ಲ.

ಹೆರಿಗೆಗೆ ತವರಿಗೆ ಬಂದೆ. ನಾಮಕರಣದ ಬೆಳಿಗ್ಗೆ ಮನೆ ತುಂಬ ಹೆಂಗಸರು. ಗುಂಡಪ್ಪನಿಗೆ ರುಬ್ಬುಗುಂಡು ಬೇಕಲ್ಲ, ನಮ್ಮನೆಯಲ್ಲಿ ಎಲ್ಲಿದೆ? ಮಿಕ್ಸಿ ಬಂದ ಮೇಲೆ ಒರಳನ್ನೂ ಗುಂಡನ್ನೂ ಯಾರಿಗೋ ಕೊಟ್ಟಾಗಿತ್ತು. ಪಕ್ಕದ ಮನೆಯಿಂದ ತರಿಸೋಣ ಅಂತ ಯಾರೋ ಅಂದರು. "ಬ್ಯಾಡ, ನಮ್ಮನೇಲೇ ಐತೆ," ಅಂತ ಅಮ್ಮ ಒಳಗೆ ಹೋದಳು. ನಾನು ಕೋಣೆಯಲ್ಲಿ ಮಗುವಿಗೆ ಹಾಲು ಕುಡಿಸುತ್ತಿದ್ದೆ. ಹೊರಗೆ ಬರುವಷ್ಟರಲ್ಲಿ ಕಲ್ಲಿಗೆ ಬಟ್ಟೆ ಸುತ್ತಿ, ತೊಟ್ಟಿಲ ಕೆಳಗಿನಿಂದ ಕೈಯಿಂದ ಕೈಗೆ ದಾಟಿಸಿ ಮಲಗಿಸಿ ಆಗಿತ್ತು. ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಅಂತ ನನ್ನ ಮಗಳನ್ನು ಅದರ ಪಕ್ಕ ಮಲಗಿಸಿದರು. ನಾನೂ ನಗುತ್ತಾ ತೊಟ್ಟಿಲು ತೂಗಿದೆ, ಅಪ್ಪ. ಶಾಸ್ತ್ರ ಮುಗಿದ ಮೇಲೆ ಅಮ್ಮ ಅದನ್ನು ತೆಗೆಯಲಿಲ್ಲ. ಇರಲಿ ಬಿಡು, ಮಗೂಗೆ ಜೊತೆಯಾಗಿರುತ್ತೆ ಅಂದಳು. ಒಂಬತ್ತು ದಿನ ಇತ್ತು.

ಸೋಮವಾರ ಅದನ್ನು ಹೇಗೆ ಮರಳಿನ ಬಕೆಟ್ಟಿಗೆ ಹಾಕಿ ಬಂದೆನೋ ಗೊತ್ತಿಲ್ಲ. ನಲ್ಲಿ ಬಿಟ್ಟು ಮೊಳಕೈತನಕ ತಿಕ್ಕಿ ತಿಕ್ಕಿ ತೊಳೆದೆ. ಅಮ್ಮ ಓಡಿ ಬಂದಳು. "ಬಾಣಂತಿ ತಣ್ಣೀರ್ ಮುಟ್ತಾರೇನೇ? ಬುದ್ಧಿ ಐತಾ ನಿಂಗೆ? ಯಾಕಿಂಗ್ ತಿಕ್ತಿದೀಯ?" ಹಲ್ಲಿ ಬಿದ್ದಿತ್ತು ಅಂದೆ. ಆಮೇಲೆ ಮಗುವಿನ ಅಂಗಿ ಬಿಚ್ಚಿ ಅಂಗಾಲು, ಬೆರಳು, ಮೊಣಕಾಲು ಒಂದೊಂದೇ ನೋಡಿದೆ. ಏನನ್ನು ಹುಡುಕಬೇಕು ಅಂತಲೂ ನನಗೆ ತಿಳಿದಿರಲಿಲ್ಲ. ಅವಳು ಸೀನಿದರೆ ಭಯ. ಹೆಚ್ಚು ಹೊತ್ತು ಮಲಗಿದರೆ ಭಯ. ಹಾಲು ಕಕ್ಕಿದಾಗಲಂತೂ ಗೋಡೆಗೆ ಒರಗಿ ಅತ್ತುಬಿಟ್ಟೆ. ಎಲ್ಲ ಮಕ್ಕಳೂ ಹಾಲು ಕಕ್ಕುತ್ತವೆ ಅಂತ ನನಗೆ ಗೊತ್ತಿಲ್ಲವೇ?

ನಿನ್ನ ಫೋನಿನಲ್ಲಿ ಕೊನೆಯ ವರ್ಷಗಳಲ್ಲಿ ನೀನು ಜೀಪು ಓಡಿಸುತ್ತಿದ್ದ ಆಫೀಸರ ನಂಬರು ಇತ್ತು. ಕಪ್ಪು ಸಾಹೇಬನನ್ನು ನಿನಗೆ ಕೊಟ್ಟವರು ಅವರೇ. ಅವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನಿಮ್ಮ ತಂದೆಗೆ ಎಲ್ಲಾ ವಿವರವಾಗಿ ಹೇಳಿಯೇ ಕೊಟ್ಟಿದ್ದೆನಮ್ಮ. ಮನೆಯವರಿಗೆಲ್ಲ ತಿಳಿಸಿಡು ಅಂತಾನೂ ಹೇಳಿದ್ದೆ," ಅಂದರು. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ನಿಂತಿದೆ. ತಿಳಿಸಿಡು ಅಂದಿದ್ದರಂತೆ. ನೀನು ಹೇಳಬೇಡ ಅಂದೆ.

ಬುಧವಾರ ಮಧ್ಯಾಹ್ನ ಅವರು ಅಳೆಯುವ ಮೀಟರು ಹಿಡಿದು ಬಂದರು. ನಿನ್ನ ಕಲ್ಲುಗಳನ್ನು ಕಾಲೇಜಿಗೆ ಕೊಡೋಕೆ ನೋಡಲು ಬಂದಿದ್ದಾರೆ ಅಂತ ಅಮ್ಮನಿಗೆ ಸುಳ್ಳು ಹೇಳಿದ್ದೆ. ಅಮ್ಮ ಕಾಫಿ ಮಾಡಲು ಒಳಗೆ ಹೋದಳು. ಬಕೆಟ್ಟಿನ ಹತ್ತಿರ ಹಿಡಿದಾಗ ಆ ಮೀಟರು ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಅಂದಿತು. ಆ ಸದ್ದು ಕೇಳಿ ನಾನು ಮಗುವನ್ನು ಇನ್ನೂ ಬಿಗಿಯಾಗಿ ಅವಚಿಕೊಂಡೆ. ತೊಟ್ಟಿಲ ಮೇಲೆ ಹಿಡಿದರು, ಆಗೊಮ್ಮೆ ಈಗೊಮ್ಮೆ ಒಂದೊಂದು ಟಿಕ್. ಮಗುವಿನ ಮೈಮೇಲೂ ಅಷ್ಟೇ. "ಇದು ಎಲ್ಲಾ ಕಡೆ ಇರೋದೇ. ಕಾಲ ಕಡೆ ಇತ್ತು, ಬಟ್ಟೆ ಸುತ್ತಿತ್ತು, ಒಂಬತ್ತೇ ದಿನ. ಹೆದರ್ಬೇಡಮ್ಮ," ಅಂದರು. ದೇವನಹಳ್ಳಿಯ ಮಕ್ಕಳ ಡಾಕ್ಟರೂ ಫೋನಿನಲ್ಲಿ ಅದನ್ನೇ ಹೇಳಿದ್ದರು. ನಂಬಿದೆ. ಪೂರ್ತಿ ಅಲ್ಲ. ಆದರೂ ಮೂರು ದಿನದ ಮೇಲೆ ಮೊದಲ ಸಲ ಸರಿಯಾಗಿ ಉಸಿರು ಬಿಟ್ಟೆ.

ಹೊರಡುವ ಮೊದಲು ಎಲ್ಲಾ ಕಡೆ ಒಂದು ಸಲ ನೋಡಿಬಿಡೋಣ ಅಂತ ಅವರು ಮೀಟರು ಹಿಡಿದು ನಡುಮನೆಯಲ್ಲಿ ಅಡ್ಡಾಡಿದರು. ದೇವರ ಗೂಡು, ಟಿವಿ, ನಿನ್ನ ಫೋಟೋ. ಅಮ್ಮನ ಮಂಚದ ಹತ್ತಿರ ಬಂದಾಗ ಟಿಕ್ ಟಿಕ್ ಬಿರುಸಾಯಿತು. ದಿಂಬಿನ ಮೇಲೆ ಇನ್ನೂ ಬಿರುಸು. ಅಲ್ಲಿ ಯಾವ ಕಲ್ಲೂ ಇರಲಿಲ್ಲ. ದಿಂಬು ಎತ್ತಿ ನೋಡಿದರೆ ಹಾಸಿಗೆಯ ಮೇಲೆ ಕಾಡಿಗೆಯ ಹುಡಿಯಂಥದ್ದು ಒಂದಿಷ್ಟು. "ಇಲ್ಲಿ ಯಾರು ಮಲಗೋದು?" ಅಂದರು. ಕಾಫಿ ಲೋಟ ಹಿಡಿದು ಬಂದ ಅಮ್ಮ ನಾಚಿಕೊಂಡಳು, ಅಪ್ಪ. "ನಾನೇ ಸಾ. ಅವ್ರು ಹೋದ್ಮೇಲೆ ಆ ಕಲ್ಲು ಪಕ್ಕದಲ್ಲಿ ಇಟ್ಕೊಂಡೇ ಮಲಗ್ತಿದ್ದೆ. ಸಾಯಂಕಾಲ ಹೊತ್ತು ಅದೊಂದನ್ನೇ ಮರಳಿಂದ ತೆಗ್ದು ಕೈಯಲ್ಲಿಟ್ಕೊಂಡು ನೋಡೋರು. ಅವರ್ಗೆ ಭಾಳ ಇಷ್ಟ ಅನ್ಕೊಂಡೆ. ಮೊಮ್ಮಗಳು ಬಂದ್ಮೇಲೆ ಅವ್ಳ ಹತ್ರ ಇರ್ಲಿ ಅಂತ ತೊಟ್ಲಿಗೆ ಹಾಕ್ದೆ."

ಎಷ್ಟು ತಿಂಗಳು ಅಂತ ಲೆಕ್ಕ ಹಾಕಲು ಆಫೀಸರಿಗೂ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ. ನಾನು ಬಸುರಿಯಾಗಿದ್ದಷ್ಟು ಕಾಲವೂ ಅಮ್ಮ ನಿನ್ನ ಬದಲು ಅದರ ಮೇಲೆ ಕೈಯಿಟ್ಟು ಮಲಗಿದ್ದಾಳೆ. ಅವರು ಬಾಗಿಲಾಚೆ ನಿಂತು ತಗ್ಗಿದ ದನಿಯಲ್ಲಿ, ಗಾಬರಿ ಬೇಡ, ಆದರೆ ಅಮ್ಮನಿಗೆ ರಕ್ತಪರೀಕ್ಷೆ ಮಾಡಿಸಿ, ಒಬ್ಬ ದೊಡ್ಡ ಡಾಕ್ಟರಿಗೆ ತೋರಿಸಿ, ಕಲ್ಲಿನ ಹುಡಿ ಉದುರಿದ ಹಾಸಿಗೆ ದಿಂಬನ್ನು ಮುಟ್ಟಬೇಡಿ, ಭಾನುವಾರ ನಾನೇ ಬಂದು ಕಲ್ಲಿನ ಜೊತೆ ಒಯ್ಯುತ್ತೇನೆ ಅಂದರು. ಗಾಬರಿ ಬೇಡ ಅನ್ನುವಾಗ ಅವರು ನನ್ನ ಮುಖ ನೋಡಲಿಲ್ಲ. ನಾನು ಮಗುವಿಗಾಗಿ ಹೆದರಿ ಹೆದರಿ ಸಾಯುತ್ತಿದ್ದಾಗ, ಆ ಮಗುವನ್ನು ಬಿಸಿಲಲ್ಲಿ ಕೂರಿಸಿಕೊಂಡಿದ್ದವಳ ಕಡೆ ಒಂದು ಸಲವೂ ತಿರುಗಿ ನೋಡಿರಲಿಲ್ಲವಲ್ಲ.

ಇವತ್ತು ಬೆಳಿಗ್ಗೆ ಅಮ್ಮನೇ ಬಂದು ಕೇಳಿದಳು. "ತೊಟ್ಲಿಂದ ತೆಗ್ದಿದೀಯಲ್ಲ ಆ ಕಲ್ನ, ಹಂಗಾದ್ರೆ ನಂಗೆ ವಾಪಸ್ ಕೊಡೇ. ನಿದ್ದೆ ಬರ್ತಿಲ್ಲ." ಇನ್ನು ಮುಚ್ಚಿಡಲು ಆಗಲಿಲ್ಲ. ಕೂರಿಸಿಕೊಂಡು ಎಲ್ಲ ಹೇಳಿದೆ. ಕಲ್ಲಿನಿಂದ ಬರುವುದು ಏನು, ಮೀಟರು ಯಾಕೆ ಸದ್ದು ಮಾಡಿತು, ನಾಳೆ ಯಾಕೆ ಆಸ್ಪತ್ರೆಗೆ ಹೋಗಬೇಕು. ಅವಳು ಮಗುವನ್ನು ಮಡಿಲಿಂದ ತೆಗೆದು ನನ್ನ ಮಡಿಲಿಗೆ ಹಾಕಿ, ಎರಡು ಕೈಯನ್ನೂ ಸೆರಗಿನೊಳಗೆ ಮುಚ್ಚಿಕೊಂಡಳು. ಮಗುವಿಗೆ ಏನೂ ಆಗಿಲ್ಲ, ನಿನ್ನ ಕೈಯಿಂದ ಏನೂ ಅಂಟುವುದಿಲ್ಲ ಅಂತ ಹತ್ತು ಸಲ ಹೇಳಿಸಿಕೊಂಡಳು. ಮಗುವನ್ನು ಮಾತ್ರ ಮುಟ್ಟಲಿಲ್ಲ. ಆಮೇಲೆ ಕೇಳಿದಳು.

"ನಿಮ್ಮಪ್ಪಂಗೆ ಗೊತ್ತಿತ್ತಾ?"

ನಿನ್ನ ಮೇಲೆ ನನಗೆ ಕೋಪ ಇದೆ, ಅಪ್ಪ. ನಿನ್ನ ಮೇಲೆ ಇಷ್ಟು ಕೋಪ ನಾನು ಯಾವತ್ತೂ ಮಾಡಿಕೊಂಡಿಲ್ಲ. ಸತ್ಯ ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿದೆ. "ಇಲ್ಲಮ್ಮ, ಅಪ್ಪಂಗೆ ಗೊತ್ತಿರ್ಲಿಲ್ಲ," ಅಂದೆ.

ಅಮ್ಮ ಸೆರಗಿನಿಂದ ಕೈ ಹೊರಗೆ ತೆಗೆದಳು. "ಅದೇ ಮತ್ತೆ. ಗೊತ್ತಿದ್ದಿದ್ರೆ ನಂಗ್ ಹೇಳ್ದೆ ಇರ್ತಿದ್ರಾ ಅವ್ರು?" ಅಂದು ಮಗುವನ್ನು ಎತ್ತಿಕೊಂಡಳು.

ಭಾನುವಾರ ಆಫೀಸರು ಬಂದಾಗ ನಾನು ಗೇಟಿನ ಹತ್ತಿರವೇ ಕಾದು ನಿಂತಿರುತ್ತೇನೆ. ಒಳಗೆ ಬರುವ ಮೊದಲೇ ಅವರ ಕಾಲು ಹಿಡಿದಾದರೂ ಕೇಳಿಕೊಳ್ಳುತ್ತೇನೆ, ಅಪ್ಪನಿಗೆ ಹೇಳಿಯೇ ಕೊಟ್ಟಿದ್ದೆ ಅನ್ನುವ ಒಂದು ಮಾತು ಅಮ್ಮನ ಎದುರು ಆಡಬೇಡಿ ಅಂತ.

ನಿನ್ನ ಮಗಳು