ಮೂರು ತಂತಿಯ ವಾದ್ಯ ರಾವಂದೂರಿಗೆ ಹೋದದ್ದು

ಹುಣಸೂರು
೨೦ ಫೆಬ್ರವರಿ ೧೯೫೫, ಭಾನುವಾರ

ಪ್ರೀತಿಯ ಶಿವನಂಜ,

ಜಲಂಧರಿನ ಚಳಿಗೆ ನಿನ್ನ ಮಂಡಿನೋವು ಹೇಗಿದೆ? ಇಲ್ಲಿ ನಾನು, ದಿಲ್ಶಾದ್, ಮಕ್ಕಳು ಎಲ್ಲ ಸುಖವಾಗಿದ್ದೇವೆ. ದೀಪಾವಳಿ ಮುಗಿದ ವಾರ ನೀನು ಬರೆದ ಕಾಗದಕ್ಕೆ ಶಿವರಾತ್ರಿಯ ಹೊತ್ತಿಗೆ ಉತ್ತರ ಬರೆಯುತ್ತಿದ್ದೇನೆ. ಬೈಕೊ, ಬೇಜಾರಿಲ್ಲ. ಆದರೆ ಸುಮ್ಮನೆ ಕೂತಿರಲಿಲ್ಲ ಕಣೋ. ನೀನು ಹೇಳಿದ ಕೆಲಸ ಒಂದು ದಡ ಮುಟ್ಟದೆ ಏನಂತ ಬರೆಯಲಿ ಎಂದು ತಡಮಾಡಿದೆ.

ನಿನ್ನ ಕಾಗದದಲ್ಲಿದ್ದದ್ದು ನಾಲ್ಕೇ ಸಾಲು. ಆಷಾಢದಲ್ಲಿ ಮಗಳು ಸುಂದ್ರಿ ಜ್ವರ ಬಂದು ತೀರಿಕೊಂಡಳು, ನೀಲಾಂಬಿಕೆ ಯಾರ ಹತ್ತಿರವೂ ಮಾತಾಡುತ್ತಿಲ್ಲ, ಗಾಳಿ ಸೋಕಿದೆ ಅಂತಾರೆ, ನನಗೆ ಪಟಾಲಮ್ಮಿನಲ್ಲಿ ರಜ ಸಿಕ್ಕಲ್ಲ, ನೀನೊಂದು ಸಲ ಹೋಗಿ ನೋಡು. ಡಿಸೆಂಬರಿನಲ್ಲಿ ರಾವಂದೂರಿಗೆ ಹೋದೆ. ನಿಮ್ಮವ್ವ ಪುಟ್ಟಮಲ್ಲಮ್ಮನವರು ಎಂದಿನ ಹಾಗೆ ಜಗಲಿಯ ಮೇಲೆ ಚಾಪೆ ಹಾಕಿ ಮಜ್ಜಿಗೆ ಕೊಟ್ಟರು. ನಿನ್ನ ಹೆಂಡತಿ ಒಳಗೆ ರಾಗಿ ಬೀಸುತ್ತಿದ್ದಳು. ನನ್ನನ್ನು ಕಂಡರೆ "ಅಣ್ಣ ಬಂದ್ರು" ಅಂತ ಓಡಿಬರುತ್ತಿದ್ದವಳು ಈ ಸಲ ನನ್ನ ಮುಖ ನೋಡಿ, ಗೋಡೆ ನೋಡಿದ ಹಾಗೆ ನೋಡಿ, ಮತ್ತೆ ಬೀಸತೊಡಗಿದಳು.

"ಕೆಲಸ ಹೇಳಿದ್ರೆ ಮಾಡ್ತಾಳೆ ಕಣಪ್ಪ ಶಂಸು, ಉಣ್ಣು ಅಂದ್ರೆ ಉಣ್ತಾಳೆ. ಬಾಯಿ ಮಾತ್ರ ಬುಡಲ್ಲ," ಅಂದರು ಅವ್ವ.

ಬೀಸುವಾಗ ಅವಳ ಸೆರಗು ಸರಿದು ಮುಂಗೈ ಕಾಣಿಸಿತು. ಬೇವಿನ ಬರಲಿನ ಬಾಸುಂಡೆಗಳು. ಗಾಳಿ ಬಿಡಿಸುವ ಮಂಟಯ್ಯ ಅನ್ನುವವನನ್ನು ಕರೆಸಿದ್ದರಂತೆ. ಅವನು ಎರಡು ಸಲ ಬಂದು ಹೊಡೆದು, "ಯಾರು ನೀನು, ಹೆಸರೇಳು" ಅಂತ ಕೇಳಿ, ಏನೂ ಆಗದೆ ಹೋದವನು ಶಿವರಾತ್ರಿ ಅಮಾಸೆಗೆ ಬಂದು ಬರೆ ಹಾಕುತ್ತೇನೆ ಅಂದಿದ್ದ. ಅದಕ್ಕೂ ಬಗ್ಗದಿದ್ದರೆ ಚುಂಚನಕಟ್ಟೆಯಿಂದ ಅವಳ ಅಣ್ಣನನ್ನು ಕರೆಸಿ ತವರಿಗೆ ಕಳಿಸಿಬಿಡುವುದು, ನಿನಗೆ ಬೇರೆ ಹೆಣ್ಣು ನೋಡುವುದು ಅಂತ ಮನೆಯಲ್ಲಿ ಮಾತಾಗಿತ್ತು. ಅವ್ವ ಕೆಟ್ಟವರಲ್ಲ, ಹೆದರಿದ್ದರು. ನಾನು ಅವರನ್ನು ಕೇಳಿಕೊಂಡೆ, "ಅಮಾಸೆವರೆಗೂ ಅವಳ ಮೈ ಯಾರೂ ಮುಟ್ಟೋದು ಬೇಡ ಅವ್ವ. ಅದರೊಳಗೆ ನಾನೊಂದು ಮಾಡಿ ನೋಡ್ತೀನಿ." ಏನು ಮಾಡುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಟ್ಯೂನಿಸ್ ನೆನಪಾಯಿತು.

ಶಿವನಂಜ, ಹನ್ನೆರಡು ವರ್ಷ ಆಯಿತು. ಆ ವಿಷಯ ನಾವಿಬ್ಬರೂ ಎತ್ತೇ ಇಲ್ಲ. ಆಫ್ರಿಕದಲ್ಲಿ ಯುದ್ಧ ಮುಗಿದ ಆ ಬೇಸಗೆಯಲ್ಲಿ ನಾನು ಓಡಿಸುತ್ತಿದ್ದ ಪಟಾಲಮ್ಮಿನ ಲಾರಿ ನೆಲಬಾಂಬಿಗೆ ಸಿಕ್ಕಿ, ಪಕ್ಕದಲ್ಲಿ ಕೂತಿದ್ದ ಮುದ್ದಯ್ಯ ಸತ್ತ. ನನಗೆ ಒಂದು ಗೀರೂ ಆಗಲಿಲ್ಲ. ಆದರೆ ನಾಲಗೆ ನಿಂತುಹೋಯಿತು, ಚಮಚ ಹಿಡಿದರೆ ಕೈ ಅದುರುತ್ತಿತ್ತು. ಡಾಕ್ಟರು ಗುಳಿಗೆ ಕೊಟ್ಟರು, ಸಾಹೇಬರು ನಾಟಕ ಅಂದರು. ನೀನು ಮಾತ್ರ ಯಾವನೋ ತರಕಾರಿಯವನ ಮಾತು ಕೇಳಿ ನನ್ನ ಕೈ ಹಿಡಿದು ಹಳೇ ಊರಿನ ಗಲ್ಲಿಯೊಳಗಿನ ಆ ಮನೆಗೆ ಕರೆದುಕೊಂಡು ಹೋದೆ. ಮರಳುಗಾಡಿನ ಆಚೆಯಿಂದ ಗುಲಾಮರಾಗಿ ಬಂದ ಕರಿಯ ಜನರ ಮನೆ. ಯಜಮಾನ ಮುದುಕ ತೊಡೆಯ ಮೇಲೆ ಮೂರು ತಂತಿಯ ದೊಡ್ಡ ವಾದ್ಯ ಇಟ್ಟುಕೊಂಡು ಕೂತಿದ್ದ. ನಾಲ್ಕು ಜನ ಕಬ್ಬಿಣದ ಚಿಟಿಕೆ ಹಿಡಿದು ಸುತ್ತ ಕೂತಿದ್ದರು. ಸಾಂಬ್ರಾಣಿ ಹೊಗೆ.

ನೀನು ಬಾಗಿಲಲ್ಲಿ ನಿಂತು ನೋಡಿದವನು. ಒಳಗೆ ನನಗೇನಾಯಿತು ಅಂತ ನಿನಗೆ ಹೇಳಿಲ್ಲ, ಈಗ ಹೇಳುತ್ತೇನೆ. ಆ ಮುದುಕ ನನ್ನನ್ನು ಏನೂ ಕೇಳಲಿಲ್ಲ. ಒಂದು ಗತಿ ನುಡಿಸಿ ನನ್ನ ಪಾದ ನೋಡುತ್ತಿದ್ದ. ಪಾದ ಅಲುಗದಿದ್ದರೆ ಇನ್ನೊಂದು. ಹಾಗೆ ಆರೋ ಏಳೋ ಆದ ಮೇಲೆ ಒಂದು ಗತಿ ಬಂತು, ನನ್ನ ಹೆಗಲು ತಾನಾಗಿ ಕುಣಿಯಿತು. ಆಮೇಲೆ ನನಗೆ ಮನೆ ಕಾಣಲಿಲ್ಲ. ಸ್ಟೀರಿಂಗ್ ಹಿಡಿದಿದ್ದೆ. ಪಕ್ಕದಲ್ಲಿ ಮುದ್ದಯ್ಯ ಇದ್ದ. ನಾನು ಅವನಿಗೆ, "ಇಳಿದುಬಿಡು, ಇಳಿದುಬಿಡು," ಅಂತ ಅಳುತ್ತಿದ್ದೆ, ಅವನು ಇಳಿದು ಹೋದ. ಅಷ್ಟೇ. ಎಚ್ಚರವಾದಾಗ ಯಾರೋ ಮುದುಕಿಯ ಮಡಿಲಲ್ಲಿ ನನ್ನ ತಲೆ ಇತ್ತು. ನಾನು ನೀರು ಕೇಳಿದೆ. ಕನ್ನಡದಲ್ಲಿ ಕೇಳಿದೆ, ನೀನು ಓಡಿಬಂದೆ.

ಹೊರಡುವಾಗ ಆ ಯಜಮಾನ ಹೇಳಿದ್ದನ್ನು ನಮ್ಮ ಅಡಿಗೆಯ ಖಾಸಿಂ ಅರಬ್ಬಿಯಿಂದ ಬಿಡಿಸಿ ಹೇಳಿದ. "ನಾವು ಯಾವುದನ್ನೂ ಓಡಿಸೋದಿಲ್ಲ. ಒಳಗೆ ಬಂದು ಕೂತದ್ದಕ್ಕೂ ನೋವಿರ್ತದೆ. ಅದರ ಗತಿ ಯಾವುದು ಅಂತ ಹುಡುಕಿ ಕೊಡ್ತೀವಿ. ಅದು ಎದ್ದು ಕುಣಿದು ಸುಸ್ತಾಗಿ ಸುಮ್ಮನಾಗ್ತದೆ." ಮಂಟಯ್ಯನ ಬೇವಿನ ಬರಲು ಕಂಡ ದಿನ ಆ ಮಾತು ಕಿವಿಯಲ್ಲಿ ಕೂಗಿದಂತಾಯಿತು.

ನಾನು ಗಾಡಿಚಕ್ರ ಮಾಡುವ ಬಡಗಿ. ಹಲಸಿನ ಕೊರಡು ಕೊರೆದು, ಆಡಿನ ಚರ್ಮ ಬಿಗಿದು, ಕರುಳಿನ ತಂತಿ ಹುರಿಮಾಡಿ ಅಂಥದ್ದೇ ವಾದ್ಯ ಕಟ್ಟಿದೆ. ಕಣ್ಣಲ್ಲಿ ಉಳಿದಿದ್ದ ಅಳತೆಯೇ ಅಳತೆ. ಮೊದಲನೆಯದು ಬಿರುಕು ಬಿಟ್ಟಿತು. ಎರಡನೆಯದು ನುಡಿಯಿತು. ದಿಲ್ಶಾದ್ ಕೇಳಿ, "ಕೊಟ್ಟಿಗೆ ಬಾಗಿಲಿಗೆ ತಂತಿ ಕಟ್ಟಿದಂಗದೆ," ಅಂದಳು. ನಕ್ಕಳು, ಆದರೆ ಸಂಜೆ ಹೊತ್ತು ಪಕ್ಕದಲ್ಲಿ ಕೂತು ಕೇಳುತ್ತಿದ್ದಳು.

ವಾದ್ಯ ಆಯಿತು, ನುಡಿಸುವವನೆಲ್ಲಿ? ನಾನು ವಾಸಿಯಾದವನೇ ಹೊರತು ವಾಸಿಮಾಡಿದವನಲ್ಲ. ಹೆಗ್ಗಡದೇವನಕೋಟೆ ಕಡೆಯ ಕರಿಯಯ್ಯ ಗೊತ್ತಲ್ಲ, ತಂಬೂರಿ ಹಿಡಿದು ರಾತ್ರಿಯೆಲ್ಲ ದೇವರ ಕಥೆ ಹಾಡುವ ನೀಲಗಾರ. ಅವನ ಪದಕ್ಕೆ ಮೈದುಂಬಿ ಎದ್ದವರನ್ನು ನಾವೇ ಚಿಕ್ಕಂದಿನಲ್ಲಿ ನೋಡಿದ್ದೇವೆ. ಈಗ ಎಪ್ಪತ್ತು ದಾಟಿದೆ. ಹೋಗಿ ಎಲ್ಲ ಹೇಳಿದೆ. ವಾದ್ಯವನ್ನು ಕಿವಿಗೆ ಹಿಡಿದು ತಟ್ಟಿ ನೋಡಿದ.

"ಆ ದೇಸದಲ್ಲೂ ಇಂಗೇಯಾ ಮಾಡ್ತಾರಾ?" ಅಂದ.

"ಹಿಂಗೇ ಕಣಯ್ಯ. ದೇವರ ಹೆಸರು ಬೇರೆ."

"ನಂಗೂ ಅವಳಿಗೆ ಯಾವ ಪದ ಅಂತ ಗೊತ್ತಿಲ್ಲ ಕಣ್ಲಾ. ಉಡುಕಾಣ. ನೀನು ನಿಂಗೆ ಬಂದಂಗೆ ನುಡಿಸು, ನಾನು ಗಗ್ಗರ ಇಡ್ಕತೀನಿ." ಗಗ್ಗರ ಅಂದರೆ ಅವನು ಕೈಯಲ್ಲಿ ಆಡಿಸುವ ಕಂಚಿನ ಗೆಜ್ಜೆ.

ಹೋದ ವಾರ, ಹನ್ನೆರಡನೇ ತಾರೀಕು ಶನಿವಾರ, ಊಟದ ಹೊತ್ತು ಕಳೆದ ಮೇಲೆ ನಿಮ್ಮ ಮನೆ ಅಂಗಳದಲ್ಲಿ ಇಬ್ಬರೂ ಕೂತೆವು. ನೀಲಾಂಬಿಕೆಯನ್ನು ಅವ್ವ ಕರೆತಂದು ಕಂಬಕ್ಕೆ ಒರಗಿಸಿ ಕೂರಿಸಿದರು. ಕರಿಯಯ್ಯ ಮಾದಪ್ಪನ ಮೇಲೆ ಒಂದು ಹಾಡಿದ. ಅವಳು ಕಲ್ಲಿನ ಹಾಗೆ ಇದ್ದಳು. ಮಂಟೇಸ್ವಾಮಿ ಮೇಲೆ ಹಾಡಿದ, ಇಲ್ಲ. ಜೋಗುಳ ಎತ್ತಿದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡರು, ಅವಳ ರೆಪ್ಪೆ ಕೂಡ ಅಲುಗಲಿಲ್ಲ. ಎರಡು ಗಂಟೆ ಹೀಗೇ ಆಯಿತು. ನನ್ನ ಬೆರಳು ಕಿತ್ತು ರಕ್ತ ಬಂತು. ಕರಿಯಯ್ಯ ಸೋತು, "ಒಸಿ ತಡಿ, ಗಂಟ್ಲು ಒಣಗ್ತು," ಅಂತ ಬೆಲ್ಲ ನೀರು ಕೇಳಿದ.

ಅವನು ನೀರು ಕುಡಿಯುವಾಗ ನಾನು ಸುಮ್ಮನೆ, ಬೆರಳು ಗಟ್ಟಿಯಾಗದಿರಲಿ ಅಂತ, ದಪ್ಪ ತಂತಿಯೊಂದನ್ನೇ ಮೀಟುತ್ತಿದ್ದೆ. ಹಾಡಲ್ಲ, ಏನಲ್ಲ. ಒಬ್ಬ ಮನುಷ್ಯ ಅವಸರದಲ್ಲಿ ನಡೆದ ಹಾಗೆ, ಎಡ ಬಲ, ಎಡ ಬಲ. ಕರಿಯಯ್ಯ ಚೊಂಬು ಕೆಳಗಿಟ್ಟ.

"ನಿಲ್ಲುಸ್ಬೇಡ. ಅವಳ ಎಬ್ಬೆಟ್ಟು ನೋಡು," ಅಂದ ಮೆಲ್ಲಗೆ.

ಕಾಲಿನ ಹೆಬ್ಬೆರಳು ನೆಲಕ್ಕೆ ತಾಳ ಹಾಕುತ್ತಿತ್ತು. ಅವನು ಗಗ್ಗರ ಎತ್ತಿಕೊಂಡು ಸೇರಿಸಿದ. ನೀಲಾಂಬಿಕೆ ಎದ್ದಳು. ನಾನು ಕುಣಿಯುತ್ತಾಳೆ ಅಂದುಕೊಂಡಿದ್ದೆ, ಕುಣಿಯಲಿಲ್ಲ ಕಣೋ. ನಡೆದಳು. ಎಡಗೈ ಮಡಿಸಿ ಹೆಗಲಿಗೆ ಏನನ್ನೋ ಒತ್ತಿ ಹಿಡಿದು, ಬಲಗೈಯಿಂದ ಮೆಲ್ಲಗೆ ತಟ್ಟುತ್ತಾ, ಅಂಗಳ ಸುತ್ತತೊಡಗಿದಳು. ಹತ್ತು ಸುತ್ತು, ಇಪ್ಪತ್ತು ಸುತ್ತು. ಕೂದಲು ಬಿಚ್ಚಿತು, ಬೆವರು ಸುರಿಯಿತು. ನಿಲ್ಲಿಸಲು ನನಗೆ ಧೈರ್ಯವಿಲ್ಲ, ಬೆರಳಲ್ಲಿ ಶಕ್ತಿಯಿಲ್ಲ. ಅವಳ ಉಸಿರು ಕೇಳಿಸುತ್ತಿತ್ತು. ಕೊನೆಗೆ ಅವ್ವನ ಮುಂದೆ ಬಂದಾಗ ಅವಳ ಬಾಯಿಂದ ಮಾತು ಬಂತು.

"ಇನ್ನೂ ಎಷ್ಟು ದೂರ, ಅತ್ತೆ?"

ಆ ಎಪ್ಪತ್ತರ ಹತ್ತಿರದ ಹೆಂಗಸು ಕಂಬ ಹಿಡಿದು ಎದ್ದು ಸೊಸೆಯ ಪಕ್ಕದಲ್ಲಿ ಹೆಜ್ಜೆ ಹಾಕಿದರು. ಒಂದು ಸುತ್ತು ಜತೆಯಲ್ಲೇ ನಡೆದು ಮುಂದೆ ಬಂದು ಎರಡೂ ಕೈ ಚಾಚಿದರು.

"ಬಂದ್ಬುಡ್ತು ಕಣವ್ವ. ಇಲ್ಲಿ ತಾ, ನಾನೆತ್ಕತೀನಿ. ನೀನು ಕುಂತ್ಕೊ."

ನೀಲಾಂಬಿಕೆ ಹೆಗಲಿನಿಂದ ಇಳಿಸಿ ಅತ್ತೆಯ ಕೈಗೆ ಕೊಟ್ಟಳು. ಕೈಯಲ್ಲಿ ಏನೂ ಇರಲಿಲ್ಲ, ಆದರೆ ಅವ್ವನ ಕೈ ಭಾರಕ್ಕೆ ಬಗ್ಗಿದ ಹಾಗೆ ಬಗ್ಗಿತು, ನಾನು ಕಣ್ಣಾರೆ ಕಂಡೆ. ಕೊಟ್ಟವಳೇ ಕುಸಿದಳು. ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಅತ್ತು ಅತ್ತು ನಿದ್ದೆಹೋದಳು. ಎದ್ದಾಗ, "ಹಸ ಕರೆದ್ರಾ?" ಅಂತ ಕೇಳಿದಳು.

ಆ ನಡಿಗೆಯ ಅರ್ಥವನ್ನು ಅವ್ವನೇ ನನಗೆ ಹೇಳಿದರು. ನಿನಗೆ ಬರೆಸಿದ್ದು, ಮಗು ಎರಡು ದಿನ ಜ್ವರ ಬಂದು ಮನೆಯಲ್ಲೇ ಹೋಯಿತು ಅಂತ ಅಲ್ಲವೇ? ಅದು ಹಾಗಲ್ಲ. ಮಗು ಕಣ್ಣು ಮೇಲೆ ಮಾಡಿದ ದಿನ ಹಳ್ಳ ಬಂದು ಬಸ್ಸು ನಿಂತಿತ್ತು, ಗಾಡಿ ಕೆ.ಆರ್. ನಗರದ ಸಂತೆಗೆ ಹೋಗಿತ್ತು. ಅವ್ವ ತಡೆದರೂ ಕೇಳದೆ ನಿನ್ನ ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಮಳೆಯಲ್ಲಿ ಪಿರಿಯಾಪಟ್ಟಣದ ಆಸ್ಪತ್ರೆಗೆ ನಡೆದಳು. ಹಳ್ಳ ಈಜಿದ ಹಾಗೆ ದಾಟಿದಳು. ಅರ್ಧ ದಾರಿಯಲ್ಲೇ ಮಗು ತಣ್ಣಗಾಯಿತಂತೆ. ಅವಳು ನಿಲ್ಲಲಿಲ್ಲ, ಉಳಿದ ದಾರಿಯನ್ನೂ ತಟ್ಟುತ್ತಲೇ ನಡೆದಳು. ಡಾಕ್ಟರು ಕೈಯಿಂದ ಇಸಕೊಂಡು ನೋಡಿದ ಮೇಲೆ ಅದೇ ಹೆಗಲಿನ ಮೇಲೆ ವಾಪಸು ತಂದಳು. ಮನೆಯ ಸೊಸೆ ಒಬ್ಬಳೇ ಅಷ್ಟು ದಾರಿ ಹೋದಳು ಅಂದರೆ ಊರು ಏನನ್ನುತ್ತೆ, ಅಷ್ಟು ದೂರದಲ್ಲಿರುವ ಮಗನಿಗೆ ಯಾಕೆ ಇದೆಲ್ಲ ಅಂತ ಅವ್ವ ಮುಚ್ಚಿಟ್ಟರು. "ತಪ್ಪು ನಂದು ಕಣಪ್ಪ," ಅಂತ ನನ್ನ ಮುಂದೆ ಒಪ್ಪಿಕೊಂಡರು.

ಮಂಗಳವಾರ

ಭಾನುವಾರ ಇಲ್ಲಿಗೆ ನಿಲ್ಲಿಸಿದ್ದೆ. ಇವತ್ತು ಅಮಾವಾಸ್ಯೆ. ಮಂಟಯ್ಯ ಬಂದಿದ್ದನಂತೆ, ಅವ್ವ ಎಲೆ ಅಡಿಕೆ ಕೊಟ್ಟು ಬಾಗಿಲಿನಿಂದಲೇ ಕಳಿಸಿದರು ಅಂತ ರಾವಂದೂರಿನಿಂದ ಬಂದವರು ಹೇಳಿದರು. ಬೇರೆ ಹೆಣ್ಣಿನ ಮಾತೂ ನಿಂತಿದೆ. ನೀಲಾಂಬಿಕೆ ಮೊದಲಿನ ಹಾಗೆ ಆಗಿದ್ದಾಳೆ ಅಂತ ನಾನು ಬರೆಯುವುದಿಲ್ಲ. ದಿನಕ್ಕೆ ಹತ್ತು ಮಾತಾಡುತ್ತಾಳೆ, ಊಟಕ್ಕೆ ಉಪ್ಪು ಕಮ್ಮಿ ಅನ್ನುತ್ತಾಳೆ. ವರ್ಷಕ್ಕೊಮ್ಮೆ ಆಷಾಢದಲ್ಲಿ ಬಂದು ಆ ಗತಿ ನುಡಿಸಬೇಕು ಅಂತ ಕರಿಯಯ್ಯ ಹೇಳಿದ್ದಾನೆ, ನಾನು ಒಪ್ಪಿದ್ದೇನೆ.

ಟ್ಯೂನಿಸಿನಲ್ಲಿ ನೀನು ನನ್ನ ಕೈ ಹಿಡಿದು ಆ ಗಲ್ಲಿಗೆ ಕರೆದುಕೊಂಡು ಹೋಗದಿದ್ದರೆ ಈ ಶಂಸುದ್ದೀನ್ ಇವತ್ತು ಯಾವ ಆಸ್ಪತ್ರೆಯ ಮೂಲೆಯಲ್ಲಿ ಇರುತ್ತಿದ್ದನೋ. ದಿಲ್ಶಾದ್ ನಿನಗೆ ಸಲಾಮು ಹೇಳಿದ್ದಾಳೆ. ಮಕ್ಕಳು ಲಾರಿ ಮಾಮ ಯಾವಾಗ ಬರುತ್ತಾರೆ ಅಂತ ಕೇಳುತ್ತಾರೆ. ನಿನ್ನ ದೇವರೂ ನನ್ನ ದೇವರೂ ಸೇರಿ ನಿನ್ನನ್ನು ತಣ್ಣಗಿಟ್ಟಿರಲಿ, ಗೆಳೆಯ. ಸ್ವೆಟರು ಹಾಕಿಕೊ.

ಎಂದೆಂದಿಗೂ ನಿನ್ನ
ಶಂಸು

ಮರೆತ ಮಾತು: ಮರೆತದ್ದಲ್ಲ, ಕಾಗದದೊಳಗೆ ಬರೆಯಲು ಕೈ ಬರಲಿಲ್ಲ. ಹೋದ ಗುರುವಾರ ಇನ್ನೊಮ್ಮೆ ಹೋಗಿದ್ದಾಗ ನೀಲಾಂಬಿಕೆ ಹಿತ್ತಲ ಬಾಗಿಲಲ್ಲಿ ನಿಂತು ಹೇಳಿದಳು. ನಿನಗೆ ತಿಳಿಸಬೇಡಿ ಅಂದಳು, ನಾನು ತಿಳಿಸುತ್ತಿದ್ದೇನೆ. ಮಗು ಸತ್ತಾಗ ಅವಳ ಮಾತು ನಿಲ್ಲಲಿಲ್ಲ ಶಿವನಂಜ. ಅತ್ತಿದ್ದಾಳೆ, ಎದೆ ಬಡಿದುಕೊಂಡಿದ್ದಾಳೆ. ಮಾತು ನಿಂತದ್ದು ಶ್ರಾವಣದಲ್ಲಿ, ಮನೆಗೆ ನಿನ್ನ ಕಾಗದ ಬಂದ ದಿನ. ಅವಳಿಗೆ ಓದು ಬಾರದು. ರುದ್ರಸ್ವಾಮಿ ಮೇಷ್ಟ್ರು ಜಗಲಿಯ ಮೇಲೆ ಗಟ್ಟಿಯಾಗಿ ಓದಿದರಂತೆ. "ಒಂದು ದಿನ ಮುಂಚೆ ಎದ್ದು ಆಸ್ಪತ್ರೆಗೆ ಹೋಗಿದ್ದರೆ ಮಗು ಉಳಿಯುತ್ತಿತ್ತು, ಮನೆಯಲ್ಲಿ ಕೂತು ನೀನೇ ಕೊಂದೆ" ಎನ್ನುವ ಸಾಲಿಗೆ ಬಂದಾಗ ಅವರಿಗೂ ನಿಲ್ಲಿಸಲು ತೋಚಲಿಲ್ಲ. ಕೂಲಿಯವರು, ನೆರೆಮನೆಯವರು ಎಲ್ಲ ಕೇಳಿಸಿಕೊಂಡರು. ನಿಜ ಗೊತ್ತಿದ್ದ ಅವ್ವ ಸುಮ್ಮನಿದ್ದರು. ನಿನಗೆ ಗೊತ್ತಿರಲಿಲ್ಲ, ಅದು ಅವಳಿಗೂ ಗೊತ್ತು. "ಅವರು ತಿಳೀದೆ ಬರೆದ್ರು ಅಣ್ಣ" ಅಂತ ನಿನ್ನ ಪರವಾಗಿಯೇ ಹೇಳಿದಳು.

ರಜ ಸಿಕ್ಕಲ್ಲ ಅಂದೆ. ನೀನು ಕೇಳಿಯೇ ಇಲ್ಲ ಅಂತ ನನ್ನ ಅನುಮಾನ. ಮಗು ಇಲ್ಲದ ಮನೆಗೆ ಬರಲು ನಿನಗೆ ಭಯ, ಅದು ತಪ್ಪಲ್ಲ. ಆದರೆ ಇದಕ್ಕೆ ಕಾಗದದಲ್ಲಿ ಉತ್ತರ ಬರೆಯಬೇಡ. ನೀನು ಎಷ್ಟು ಒಳ್ಳೆಯ ಮಾತು ಬರೆದರೂ ಅದನ್ನು ಮೇಷ್ಟ್ರೇ ಓದಬೇಕು. ನೀನು ಬಾ.