ಕಿಟಕಿ ಮುಚ್ಚಿ ನಡೆಸಿದ ಸುರಕ್ಷತಾ ಸಭೆ

ಮಾನ್ಯ ವಲಯ ಶಿಕ್ಷಣಾಧಿಕಾರಿಗಳೇ,

ಸಾಂಕ್ರಾಮಿಕದಿಂದ ಕುಟುಂಬಗಳನ್ನು ಕಾಪಾಡಿಕೊಳ್ಳುವುದು ಹೇಗೆಂದು ತಿಳಿಸಲು ತಾವು ಕರೆದ ಸಭೆಗೆ ಹೋಗಿಬಂದು ನಮ್ಮತ್ತೆ ತೀರಿಕೊಂಡರು. ಪತ್ರದ ಸಾರಾಂಶ ಇಷ್ಟೇ. ಕಡತಗಳ ನಡುವೆ ಬಿಡುವಿಲ್ಲದಿದ್ದರೆ ತಾವು ಇಲ್ಲಿಗೇ ನಿಲ್ಲಿಸಬಹುದು. ತಮ್ಮ ಕಚೇರಿಗೆ ಕೊಟ್ಟ ಅರ್ಜಿಗಳಿಗೆಲ್ಲ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂದಿರುವುದರಿಂದ ಊರೆಲ್ಲ ಓದುವ ಹಾಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಪರಿಶೀಲಿಸುವವರ ಸಂಖ್ಯೆಯಾದರೂ ಹೆಚ್ಚಲಿ.

ನನ್ನ ಮಗಳನ್ನು ಶಾಲೆಗೆ ಸೇರಿಸಿದವರು ನಮ್ಮತ್ತೆಯಾದ್ದರಿಂದ ತಮ್ಮ ದಾಖಲೆಯಲ್ಲಿ ಅವರೇ ‘ನೋಂದಾಯಿತ ಪೋಷಕರು’. ಮನೆಯಲ್ಲಿ ಅವರು ಸರ್ಕಾರ. ಪ್ರಾಯವೆಲ್ಲ ನೂಲಿನ ಗಿರಣಿಯಲ್ಲಿ ಹತ್ತಿಯ ಧೂಳು ಕುಡಿದು ಎದೆ ಕೆಡಿಸಿಕೊಂಡಿದ್ದರು. ನಾನು ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವಳು, ನನ್ನ ಗಂಡ ಮನೆಮನೆಗೆ ಹೋಗಿ ನಲ್ಲಿ ರಿಪೇರಿ ಮಾಡುವವರು. ಮನೆಯಲ್ಲೇ ಕೂತು ಕೆಲಸ ಮಾಡುವ ಭಾಗ್ಯ ಇಬ್ಬರಿಗೂ ಇಲ್ಲ. ಹಾಗಾಗಿ ಕಾಯಿಲೆ ಊರಿಗೆ ಕಾಲಿಟ್ಟ ಕೂಡಲೇ ಅತ್ತೆ ಮನೆಯನ್ನು ಎರಡು ದೇಶ ಮಾಡಿದರು. ಮುಂದಿನ ಕೋಣೆ ಅವರಿಗೂ ಎಂಟು ವರ್ಷದ ನನ್ನ ಮಗಳಿಗೂ. ಅಡುಗೆಮನೆ ಮತ್ತು ಹಿಂದಿನ ಜಗಲಿ ನಮಗೆ. ನಡುವೆ ಹಳೆಯ ಹೊದಿಕೆಯೊಂದರ ಪರದೆ. ಕೆಲಸ ಮುಗಿಸಿ ಹಿಂಬಾಗಿಲಿನಿಂದ ಬಂದರೆ ಪರದೆಯಾಚೆಯಿಂದ ತಪಾಸಣೆ ಶುರು: “ಏನೇ, ಕೈ ತೊಳೆದ್ಯಾ? ಸೋಪು ಹಾಕಿದ್ಯಾ, ಇಲ್ಲಾ ದೂರದಿಂದ್ಲೇ ಸೋಪಿಗೊಂದು ನಮಸ್ಕಾರ ಮಾಡಿದ್ಯಾ?” ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎಲ್ಲ ಕಾಲವೂ ಅತ್ತೆಯದೇ ಆಗಿತ್ತು, ಮತ್ತು ಆ ದರ್ಬಾರಿನಿಂದಲೇ ನಾವೆಲ್ಲ ಉಳಿದುಕೊಂಡಿದ್ದೆವು.

ಶಾಲೆಯೂ ಆಗ ಮುಚ್ಚಿತ್ತು. ಅದನ್ನು ಮತ್ತೆ ತೆರೆಯುವ ಮುನ್ನ ತಮ್ಮ ಕಚೇರಿಯಿಂದ ಸಂದೇಶ ಬಂತು: ಶಾಲೆಯ ಸಭಾಂಗಣದಲ್ಲಿ ಸುರಕ್ಷತಾ ಅರಿವು ಸಭೆ, ನೋಂದಾಯಿತ ಪೋಷಕರ ಹಾಜರಿ ಕಡ್ಡಾಯ, ಗೈರುಹಾಜರಾದವರ ಮಕ್ಕಳಿಗೆ ಪ್ರವೇಶವಿಲ್ಲ. ನಾನು ತಕ್ಷಣ ಫೋನ್ ಮಾಡಿದೆ. ಅತ್ತೆಗೆ ಎದೆ ಸರಿಯಿಲ್ಲ, ಬದಲಿಗೆ ನಾನು ಬರುತ್ತೇನೆ ಎಂದೆ. “ನೋಂದಣಿ ಯಾರ ಹೆಸರಲ್ಲಿದ್ಯೋ ಅವರೇ ಬರ್ಬೇಕು ಮೇಡಂ” ಎಂದಿತು ಒಂದು ದನಿ. ಹಾಗಾದರೆ ವಿಷಯವನ್ನು ಫೋನಿನಲ್ಲೇ ಹೇಳಿಬಿಡಿ, ಬರೆದುಕೊಳ್ಳುತ್ತೇನೆ ಎಂದೆ. “ಫೋನಲ್ಲಿ ಹೇಳಿದ್ರೆ ಅದು ಬರೀ ಮಾಹಿತಿ ಆಗುತ್ತೆ ಮೇಡಂ. ನಾವು ಅರಿವು ಮೂಡಿಸ್ಬೇಕು.”

ಅರಿವು ಮೂಡಿತು, ಮಾನ್ಯರೇ. ಹೇಗೆ ಮೂಡಿತೆಂದು ಅತ್ತೆ ಆ ಸಂಜೆ ಪರದೆಯಾಚೆ ಕೂತು ಅಭಿನಯಿಸಿ ತೋರಿಸಿದರು. ಸಭೆಯಲ್ಲಿ ಅವರ ಪಕ್ಕದಲ್ಲೇ ಕೂತಿದ್ದ ನಮ್ಮ ಬೀದಿಯ ದರ್ಜಿ ಆಮೇಲೆ ಪ್ರತಿ ಮಾತನ್ನೂ ಹೌದೆಂದರು. ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಬಿಳಿ ಪರದೆ, ಅದರ ಮೇಲೆ ಚಿತ್ರ ಬಿಡುವ ಯಂತ್ರ. ಮೊದಲ ಚಿತ್ರದಲ್ಲಿ ತೆರೆದ ಕಿಟಕಿ, ಅದರ ಕೆಳಗೆ ‘ಗಾಳಿಯಾಡಲು ಬಿಡಿ’ ಎಂಬ ಬರಹ. ಹೊರಗಿನ ಬಿಸಿಲಿಗೆ ಅದು ಸರಿಯಾಗಿ ಕಾಣುತ್ತಿರಲಿಲ್ಲ. ಆದ್ದರಿಂದ ಅರಿವು ಮೂಡಿಸಲು ತಾವು ಕಳಿಸಿದ್ದ ತಜ್ಞರು ಸಭಾಂಗಣದ ಕಿಟಕಿಗಳನ್ನೆಲ್ಲ ಮುಚ್ಚಿಸಿದರು. ಮಾನ್ಯರೇ, ಇದನ್ನು ಇನ್ನೊಮ್ಮೆ ಓದಿಕೊಳ್ಳಿ. ತೆರೆದ ಕಿಟಕಿಯ ಚಿತ್ರ ಚೆನ್ನಾಗಿ ಕಾಣಲೆಂದು ತೆರೆದಿದ್ದ ಕಿಟಕಿಗಳನ್ನು ಮುಚ್ಚಿಸಿದರು.

ಆಮೇಲೆ ತಜ್ಞರಿಗೆ ಮಾಸ್ಕಿನೊಳಗಿಂದ ದನಿ ಹೊರಡಲಿಲ್ಲವೆಂದು ಅದು ಗಲ್ಲಕ್ಕೆ ಇಳಿಯಿತು. ನಡುನಡುವೆ ಕೆಮ್ಮು. ಕೆಮ್ಮಿದಾಗಲೆಲ್ಲ “ಕ್ಷಮಿಸಿ, ಧೂಳು” ಎನ್ನುವ ಸೌಜನ್ಯ ಬೇರೆ. ಮುಂದಿನ ಸಾಲಿನಲ್ಲಿದ್ದ ನಮ್ಮತ್ತೆ ಕೈ ಎತ್ತಿದರು. “ಸ್ವಾಮಿ, ಒಂದು ಕಿಟಕಿಯನ್ನಾದ್ರೂ ತೆಗೀಬಾರ್ದಾ?” ಅದಕ್ಕೆ ಬಂದ ಉತ್ತರ: “ಪ್ರಶ್ನೆಗಳು ಕೊನೆಯಲ್ಲಿ, ಅಜ್ಜಿ.” ಕೊನೆಯಲ್ಲಿ ಸಮಯ ಉಳಿಯಲಿಲ್ಲ. ವಂದನಾರ್ಪಣೆಗೆ ಮಾತ್ರ ಉಳಿಯಿತು.

“ಸಿನಿಮಾದಲ್ಲಾದ್ರೂ ಇಂಟರ್ವಲ್ಲಿಗೆ ಬಾಗಿಲು ತೆಗೀತಾರೆ ಕಣೆ. ಈ ಪುಣ್ಯಾತ್ಮ ಅದನ್ನೂ ಕೊಡ್ಲಿಲ್ಲ” ಎಂದು ಅತ್ತೆ ನಕ್ಕರು. ಮಗಳೂ ನಕ್ಕಳು. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಮಾರನೆಯ ದಿನವೇ ತಮ್ಮ ತಜ್ಞರಿಗೆ ಸೋಂಕು ಖಚಿತವಾಗಿತ್ತೆಂದು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಅವರು ರಜೆ ಹಾಕಿದರು. ಕಚೇರಿಯ ಮೇಜು ಕುರ್ಚಿಗಳಿಗೆಲ್ಲ ಔಷಧಿ ಸಿಂಪಡಿಸಿದಿರಿ. ಮೇಜಿಗೆ ತಿಳಿಯಿತು, ಕುರ್ಚಿಗೆ ತಿಳಿಯಿತು. ಅವರೆದುರು ಬಾಗಿಲು ಕಿಟಕಿ ಹಾಕಿಕೊಂಡು ಕೂತಿದ್ದ ಜನಕ್ಕೆ ಮಾತ್ರ ಒಂದು ಸಾಲಿನ ಸಂದೇಶವೂ ಬರಲಿಲ್ಲ. ಅದೇ ವಾರ ತಮ್ಮ ಕಚೇರಿಯಿಂದ ಬಂದ ಸಂದೇಶಗಳಿಗೇನೂ ಕೊರತೆ ಇರಲಿಲ್ಲ: ಸಮವಸ್ತ್ರದ ಬಣ್ಣದ ಬಗ್ಗೆ ಬಂತು, ಸಭೆ ಯಶಸ್ವಿಯಾದ ಬಗ್ಗೆ ಫೋಟೋ ಸಮೇತ ಬಂತು. ಅತ್ತೆಗೆ ಕೆಮ್ಮು ಹತ್ತಿತು. “ಇದು ಗಿರಣಿ ಕೆಮ್ಮು ಕಣೆ, ಹಳೇ ನೆಂಟ. ಬರ್ತಾನೆ, ಎರಡು ದಿನ ಇರ್ತಾನೆ, ಹೋಗ್ತಾನೆ” ಎಂದು ನನ್ನನ್ನು ಗದರಿ ಕೆಲಸಕ್ಕೆ ಕಳಿಸಿದರು. ವೇದಿಕೆಯ ಮೇಲಿದ್ದವರಿಗೆ ಸೋಂಕಿದೆ ಎಂದು ತಾವು ಅಂದೇ ತಿಳಿಸಿದ್ದರೆ ಆ ಕೆಮ್ಮನ್ನು ನಾವು ನೆಂಟನೆಂದು ಮನೆಯಲ್ಲಿ ಕೂರಿಸಿಕೊಳ್ಳುತ್ತಿದ್ದೆವೇ? ಆಸ್ಪತ್ರೆಗೆ ಹೊತ್ತೊಯ್ಯುವಾಗ ತಡವಾಗಿತ್ತು. ವೈದ್ಯರು ಮೊದಲು ಕೇಳಿದ್ದೇ ಅದು: “ಇಷ್ಟು ದಿನ ಯಾಕೆ ಸುಮ್ನಿದ್ರಿ?” ಈ ಪ್ರಶ್ನೆಯನ್ನು ತಮ್ಮ ವಿಳಾಸಕ್ಕೆ ವರ್ಗಾಯಿಸುತ್ತಿದ್ದೇನೆ. ವರ್ಗಾವಣೆ ತಮಗೆ ಹೊಸದೇನಲ್ಲ.

ನಮ್ಮ ಮೂವರ ಪರೀಕ್ಷೆಯೂ ಆಯಿತು. ನನಗಿಲ್ಲ, ನನ್ನ ಗಂಡನಿಗಿಲ್ಲ, ಮಗಳಿಗಿಲ್ಲ. ಆ ಸಭೆಯಲ್ಲಿದ್ದ ದರ್ಜಿಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಹಣೆಬರಹವೆಂದು ಅತ್ತು ಸುಮ್ಮನಾಗುತ್ತಿದ್ದೆನೇನೋ. ಅತ್ತೆ ಹೋದ ಮೇಲೆ ಅವರದೇ ಫೋನಿಗೆ ತಮ್ಮ ಪ್ರಕಟಣೆ ಬಂತು. ಸಣ್ಣ ಅಕ್ಷರ ಅತ್ತೆಗೆ ಕಾಣುತ್ತಿರಲಿಲ್ಲ. ಶಾಲೆಯ ಸಂದೇಶಗಳನ್ನೆಲ್ಲ ನನ್ನ ಮಗಳೇ ಗಟ್ಟಿಯಾಗಿ ಓದಿ ಹೇಳುವ ಪದ್ಧತಿ. ರೂಢಿಯಂತೆ ಅಂದೂ ಓದಿದಳು. ‘ಕೆಲವು ಕುಟುಂಬಗಳ ಹಿರಿಯರಲ್ಲಿ ಕಂಡುಬಂದ ಸೋಂಕು ಮಕ್ಕಳ ಅಜಾಗರೂಕತೆಯಿಂದ ಮನೆ ಸೇರಿರುತ್ತದೆ. ಪೋಷಕರು ಮಕ್ಕಳಿಗೆ ತಿಳಿಹೇಳತಕ್ಕದ್ದು.’ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಕೇಳಿದ್ದೆ. ತಾವು ಬರೆ ಹಾಕಲು ಕರುವನ್ನೇ ಹುಡುಕಿದಿರಿ. ಮುಚ್ಚಿದ ಶಾಲೆಯ ಮಕ್ಕಳು, ಹೊಸ್ತಿಲು ದಾಟದ ಮಕ್ಕಳು, ಯಾವ ಮಾಯದಲ್ಲಿ ಸೋಂಕು ತಂದರು? ಇದನ್ನು ಬರೆದವರು ಕಾಗದದಿಂದ ತಲೆ ಎತ್ತಿ ಒಮ್ಮೆ ಶಾಲೆಯ ಬೀಗ ನೋಡಲಿಲ್ಲವೇ?

ನನ್ನ ಮಗಳು ಓದಿ ಮುಗಿಸಿ ಕೇಳಿದಳು: “ಎಲ್ಲಿಂದ ತಂದೆ ಅಮ್ಮಾ ನಾನು?”

ನೀನು ತಂದಿಲ್ಲ ಕಂದಾ ಎಂದೆ. ಅವಳಪ್ಪ ಹೇಳಿದರು, ವೈದ್ಯರಿಂದ ಹೇಳಿಸಿದೆವು. ಅವಳದು ಒಂದೇ ಮಾತು: “ಸ್ಕೂಲಿನವ್ರು ಸುಳ್ಳು ಬರೀತಾರಾ?” ಮಾನ್ಯರೇ, ಶಾಲೆ ಹೇಳಿದ್ದನ್ನು ನಂಬು ಎಂದು ಅವಳಿಗೆ ಕಲಿಸಿದವರು ನಾವೇ. ನಾನು ತೆಗೆಯಲು ಹೋದ ಪರದೆಯನ್ನು ಅವಳೇ ಎಳೆದುಕೊಂಡಿದ್ದಾಳೆ. ಆಚೆ ಈಗ ಅವಳೊಬ್ಬಳೇ. ತಟ್ಟೆಯನ್ನು ಹೊಸ್ತಿಲಲ್ಲಿ ಇಟ್ಟು ನಾನು ಹಿಂದೆ ಸರಿಯಬೇಕು, ಆಮೇಲೆ ಅವಳು ತೆಗೆದುಕೊಳ್ಳುತ್ತಾಳೆ. ಅಪ್ಪಿಕೊಳ್ಳಲು ಹೋದರೆ ಗೋಡೆಗೆ ಅಂಟಿ ನಿಲ್ಲುತ್ತಾಳೆ. “ಬರ್ಬೇಡಮ್ಮಾ. ನಿಂಗೂ ಏನಾದ್ರೂ ಆದ್ರೆ?”

ತಿದ್ದುಪಡಿ ಕೇಳಲು ತಮ್ಮ ಕಚೇರಿಗೆ ಬಂದಿದ್ದೆ. ಕಿಟಕಿಯಾಚೆಯ ಗುಮಾಸ್ತರು ಬಹಳ ಸಮಾಧಾನದಿಂದ ವಿವರಿಸಿದರು: “ಪ್ರಕಟಣೆ ಎಲ್ಲರಿಗೂ ಹೊರಡಿಸಿದ್ದು ಮೇಡಂ. ನಿಮ್ಮ ಮಗು ಅಂತ ಎಲ್ಲೂ ಬರ್ದಿಲ್ವಲ್ಲ. ನೀವೇ ಮೈಮೇಲೆ ಎಳ್ಕೊಂಡ್ರೆ ನಾವೇನ್ ಮಾಡೋಣ?” ಅವರ ಮತ್ತು ನನ್ನ ನಡುವೆ ಗಾಜಿತ್ತು. ಗುಮಾಸ್ತರಿಗೆ ಗಾಜು, ತಜ್ಞರಿಗೆ ರಜೆ, ತಮಗೆ ಒಳಕೋಣೆ. ಸುರಕ್ಷತೆಯ ವ್ಯವಸ್ಥೆ ತಮ್ಮ ವಲಯದಲ್ಲಿ ಇಲ್ಲವೆಂದು ಹೇಳಿದವರ ಬಾಯಿಗೆ ಹುಳ ಬೀಳಲಿ.

ನನ್ನ ಬೇಡಿಕೆ ಹೇಳುತ್ತೇನೆ. ಪರಿಹಾರ ಬೇಡ, ಸಂತಾಪಸಭೆ ಮೊದಲೇ ಬೇಡ. ತಾವು ಸಭೆ ಕರೆಯುತ್ತೀರೆಂದರೆ ಈಗ ಜೀವ ಹೋಗುತ್ತದೆ. ಮುಂದೆ ಯಾರಿಗೆ ಸೋಂಕು ತಗಲಿದರೂ ಜೊತೆಗಿದ್ದವರಿಗೆ ಅಂದೇ ತಿಳಿಸಿ. ಹೆಸರು ಹೇಳುವುದು ಬೇಡ, ಎಚ್ಚರ ಹೇಳಿ. ಮತ್ತು ಒಂದು ಕಾಗದ ಬರೆಯಿರಿ. ನನಗಲ್ಲ, ನನ್ನ ಮಗಳಿಗೆ. ಅವಳ ಹೆಸರಿಗೆ, ತಮ್ಮ ಸಹಿ ಹಾಕಿ, ಅವಳು ನಂಬುವ ಆ ದುಂಡು ಮೊಹರು ಒತ್ತಿ: ‘ಮಗೂ, ಅದನ್ನು ನೀನು ತರಲಿಲ್ಲ. ನಿನ್ನಜ್ಜಿಗೆ ನಾವು ಕೊಟ್ಟು ಕಳಿಸಿದೆವು.’ ಎಂಟು ವರ್ಷದವಳಿಗೆ ಅರ್ಥವಾಗುವ ಭಾಷೆಯಲ್ಲಿರಲಿ. ಬರೆಯಲು ಬಾರದಿದ್ದರೆ ಈ ಎರಡು ಸಾಲನ್ನೇ ನಕಲು ಮಾಡಿ. ಶಾಲೆಯವರಲ್ಲವೇ, ನಕಲು ಬರೆಯಲಾದರೂ ಬರುತ್ತದೆ.

ನಮ್ಮತ್ತೆ ಕೈ ಎತ್ತಿದಾಗ ಪ್ರಶ್ನೆಗಳು ಕೊನೆಯಲ್ಲಿ ಎಂದಿರಿ. ಅವರ ಕೊನೆ ಆಯಿತು. ಎಲ್ಲಿಂದ ತಂದೆ ಎಂದು ಪರದೆಯಾಚೆ ಕೂತು ಈಗ ಕೇಳುತ್ತಿರುವವಳು ಅವರ ಮೊಮ್ಮಗಳು. ಅವಳಿಗೂ ಕಾಯಲು ಹೇಳುತ್ತೀರಾ?

ಇಂತಿ,
ತಮ್ಮ ದಾಖಲೆಯ ಪ್ರಕಾರ ಅರಿವು ಮೂಡಿಸಲಾದ ಮನೆಯ ಸೊಸೆ